ಹೊಟ್ಟೆನೋವು ಹಣೆಬರಹವಲ್ಲ

ತಿಂಗಳಿಗೆ ಎರಡು ಮೂರು ದಿನ ಹೊಟ್ಟೆ ಹಿಡಿದುಕೊಂಡು ಯಂತ್ರದ ಮುಂದೆ ನಿಲ್ಲುವ ಹೆಣ್ಣುಮಕ್ಕಳು ನಮ್ಮ ಗಿರಣಿಗಳಲ್ಲಿ ಎಷ್ಟಿಲ್ಲ? ಮೇಸ್ತ್ರಿಯ ಕಣ್ಣಿಗೆ ಅದು ಮೈಗಳ್ಳತನ. ಮನೆಯ ಹಿರಿಯರಿಗೆ ಅದು ಹೆಣ್ಣುಜನ್ಮದ ಪಾಡು. ಎರಡು ಮಾತನ್ನೂ ನಾವು ಒಪ್ಪುವುದಿಲ್ಲ. ದುಡಿಯಲಾಗದಷ್ಟು ಮುಟ್ಟಿನ ನೋವು ರೋಗದ ಲಕ್ಷಣವಾಗಿರಬಹುದು.

ಗರ್ಭಕೋಶದ ಒಳಪದರದಂಥ ಪದರ ಅದರ ಹೊರಗೆ ಬೆಳೆಯುವ ರೋಗಕ್ಕೆ ಎಂಡೊಮೆಟ್ರಿಯೋಸಿಸ್ ಎಂದು ಹೆಸರು. ಹೆರುವ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 10 ಮಂದಿಗೆ ಇದು ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಅಂಡಾಶಯದಲ್ಲಿ ಬೇರೂರಿದರೆ, ಸೋರಿದ ರಕ್ತ ಹೊರಹೋಗಲು ದಾರಿಯಿಲ್ಲದೆ ಚೀಲ ಕಟ್ಟಿ ಕಂದು ಬಣ್ಣಕ್ಕೆ ತಿರುಗುತ್ತದೆ. ವೈದ್ಯರು ಇದನ್ನು ಚಾಕೊಲೇಟ್ ಸಿಸ್ಟ್ ಎನ್ನುತ್ತಾರೆ. ಅಮೆರಿಕದ ವೈದ್ಯ ಜಾನ್ ಸ್ಯಾಂಪ್ಸನ್ 1921ರಲ್ಲಿಯೇ ಇದನ್ನು ವಿವರಿಸಿದ್ದರು. ನೂರು ವರ್ಷ ಕಳೆದ ಮೇಲೂ ನಮ್ಮ ಬೀದಿಗಳಲ್ಲಿ ಇದರ ಹೆಸರು ಕೇಳಿದವರು ವಿರಳ.

ಈ ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ, ಭಯ ಬೇಡ. ಸ್ಕ್ಯಾನ್ ಮಾಡಿದರೆ ಸಾಮಾನ್ಯವಾಗಿ ಪತ್ತೆಯಾಗುತ್ತದೆ. ಗಂಟು ಚಿಕ್ಕದಿದ್ದರೆ ನೋವಿನ ಮಾತ್ರೆ, ಹಾರ್ಮೋನು ಔಷಧಿಗಳಿಂದ ಹತೋಟಿಯಲ್ಲಿಡಬಹುದು. ದೊಡ್ಡದಾದರೆ ಸಣ್ಣ ರಂಧ್ರದ ಶಸ್ತ್ರಚಿಕಿತ್ಸೆಯಿಂದ ತೆಗೆಯುತ್ತಾರೆ. ಬರೀ ರಸ ಹೀರಿ ತೆಗೆದರೆ ಮತ್ತೆ ತುಂಬುವುದೇ ಹೆಚ್ಚು. ಚೀಲವನ್ನೇ ಕಿತ್ತರೆ ಅಂಡಾಣುಗಳ ಸಂಗ್ರಹ ಕುಗ್ಗುವ ಸಂಭವವುಂಟು. ಆದ್ದರಿಂದ ಮಕ್ಕಳು ಬೇಕೆನ್ನುವವರು ವೈದ್ಯರೊಡನೆ ಚರ್ಚಿಸಿಯೇ ನಿರ್ಧರಿಸಬೇಕು. ಹಠಾತ್ತನೆ ತೀವ್ರ ನೋವು, ವಾಂತಿ, ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಇಷ್ಟು ದಾರಿಗಳಿದ್ದರೂ ಬಡವರ ಪಾಲಿಗೆ ಉಳಿಯುವುದು ಎರಡೇ: ಮಾತ್ರೆ ನುಂಗಿ ಸಹಿಸುವುದು, ಇಲ್ಲವೆ ಸಾಲ ಮಾಡಿ ಗರ್ಭಕೋಶವನ್ನೇ ತೆಗೆಸುವುದು. ಗರ್ಭಕೋಶ ತೆಗೆದ ಮಾತ್ರಕ್ಕೆ ಈ ರೋಗ ಹೋಯಿತೆಂಬ ಭರವಸೆಯೂ ಇಲ್ಲ!

2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆಯಿತ್ತಿತು. ಅದು ಸ್ವಾಗತಾರ್ಹವೇ. ಆದರೆ ರಜೆ ಬಿಡುವು ಕೊಟ್ಟೀತು, ಮದ್ದು ಕೊಡದು. ಇ.ಎಸ್.ಐ. ವಂತಿಗೆ ಕಟ್ಟುವ ಕಾರ್ಮಿಕಳಿಗೆ ನಿಯಮದಂತೆ ಕಾಯಿಲೆಯ ಕಾಲದಲ್ಲಿ ಕೂಲಿಯ ನೂರಕ್ಕೆ 70ರಷ್ಟು, ವರ್ಷಕ್ಕೆ 91 ದಿನಗಳವರೆಗೆ ಸಿಗುತ್ತದೆ. ವೈದ್ಯರು ರೋಗವನ್ನು ಗುರುತಿಸಿ ಚೀಟಿ ಬರೆದರೆ ತಾನೆ ಅದು ಕೈಸೇರುವುದು? ಇನ್ನು ಸಣ್ಣ ಅಂಗಡಿ ನಡೆಸುವವನ ಹೆಂಡತಿಗೆ ಆ ಆಸರೆಯೂ ಇಲ್ಲ.

ಪ್ರತಿ ಇ.ಎಸ್.ಐ. ಆಸ್ಪತ್ರೆಯಲ್ಲಿ, ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಕ್ಯಾನ್ ಯಂತ್ರವೂ ಸ್ತ್ರೀರೋಗ ತಜ್ಞರೂ ಇರಬೇಕು. ಹಾರ್ಮೋನು ಔಷಧಿ ಉಚಿತವಾಗಿ ಸಿಗಬೇಕು. ಕಾರ್ಮಿಕ ಸಂಘಗಳು ತಮ್ಮ ಮುಂದಿನ ಬೇಡಿಕೆ ಪಟ್ಟಿಯಲ್ಲಿ ಇದನ್ನು ಸೇರಿಸಲಿ. ಬೋನಸ್ಸಿಗಾಗಿ ಬೀದಿಗಿಳಿಯುವ ನಾವು, ಜೊತೆಯಲ್ಲಿ ದುಡಿಯುವ ಅಕ್ಕತಂಗಿಯರ ನೋವನ್ನು ನಾಚಿಕೆಯ ವಿಷಯವೆಂದು ಮುಚ್ಚಿಡುವುದು ನ್ಯಾಯವಲ್ಲ.