ಸದ್ದು ಹೋದದ್ದೆಲ್ಲಿಗೆ?

ಲ್ಯಾಪ್‌ಟಾಪಿಗೆ ಜೋಡಿಸಿದ ಸ್ಪೀಕರ್ ಸುಮ್ಮನಿದ್ದರೆ ಅದು ಕೆಟ್ಟಿದೆ ಎಂದೇ ಅಲ್ಲ. ಎಷ್ಟೋ ಸಲ ಸದ್ದು ಬೇರೆ ಕಡೆ ಹೋಗಿರುತ್ತದೆ. ಎಚ್‌ಡಿಎಂಐ ತಂತಿಯಲ್ಲಿ ಟಿವಿ ಇದ್ದರೆ ವಿಂಡೋಸ್ ಹೇಳದೆ ಕೇಳದೆ ಧ್ವನಿಯನ್ನೂ ಅತ್ತ ಕಳಿಸಿಬಿಡುವುದುಂಟು. ಪರದೆಯ ಕೆಳಗಿನ ಬಲಮೂಲೆಯ ಸ್ಪೀಕರ್ ಚಿತ್ರ ಒತ್ತಿ ಔಟ್‌ಪುಟ್ ಬದಲಿಸಿದರೆ ಮುಗಿಯಿತು. ಅಗ್ಗದ ಯುಎಸ್‌ಬಿ ಸ್ಪೀಕರ್‌ಗಳದು ಇನ್ನೊಂದು ತಮಾಷೆ. ಹಲವುಗಳಲ್ಲಿ ಯುಎಸ್‌ಬಿ ತಂತಿ ತರುವುದು ಬರೀ ಕರೆಂಟು. ಹಾಡು ಬರಬೇಕಾದದ್ದು 3.5 ಮಿ.ಮೀ. ಪಿನ್ನಿನಿಂದ. ದೀಪ ಹೊತ್ತಿತಲ್ಲ ಎಂದು ಆ ಪಿನ್ನನ್ನು ನೇತಾಡಲು ಬಿಟ್ಟವರು ಡ್ರೈವರ್ ಅಳಿಸಿ ಹಾಕುತ್ತಾ ರಾತ್ರಿ ಕಳೆಯುತ್ತಾರೆ. ಪಿನ್ನು ಟಕ್ಕೆಂದು ಪೂರ್ತಿ ಕೂರಬೇಕು. ಅರ್ಧ ಕೂತು ಗ್ರೌಂಡ್ ಸಂಪರ್ಕ ತಪ್ಪಿದರೆ, ಎಡಬಲ ಎರಡರಲ್ಲೂ ಸಮನಾಗಿರುವ ಗಾಯಕರ ದನಿ ಪರಸ್ಪರ ಕಳೆದುಹೋಗಿ ಹಿನ್ನೆಲೆ ವಾದ್ಯಗಳಷ್ಟೇ ಉಳಿಯುತ್ತವೆ. ಕರೋಕೆ ಬೇಕಿದ್ದವರಿಗೆ ಪುಕ್ಕಟೆ ಲಾಭ! ಇನ್ನು ಗುಂಯ್ ಎನ್ನುವ ಸದ್ದು. ಚಾರ್ಜರ್ ಕಿತ್ತೊಡನೆ ಅದು ನಿಂತರೆ ಬಹುಮಟ್ಟಿಗೆ ಅರ್ತಿಂಗ್ ಸುತ್ತಿನ (ಗ್ರೌಂಡ್ ಲೂಪ್) ತೊಂದರೆ. ಲ್ಯಾಪ್‌ಟಾಪನ್ನೂ ಸ್ಪೀಕರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ. ಬಗ್ಗದಿದ್ದರೆ ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಪುಟ್ಟ ಡಬ್ಬಿ ಸಿಗುತ್ತದೆ. ಪ್ಲಗ್ಗಿನ ಮೂರನೇ ಪಿನ್ನು ಮುರಿದರೂ ಸದ್ದು ನಿಲ್ಲಬಹುದು, ಆದರೆ ಆ ಬುದ್ಧಿವಂತಿಕೆ ಬೇಡ; ಶಾಕ್ ಹೊಡೆಯದಂತೆ ಕಾಯುವುದು ಆ ಪಿನ್ನೇ.