ಔಷಧದ ಹೆಸರನ್ನು ಪೂರ್ತಿಯಾಗಿ ಹೇಳೋಣ

ದೀರ್ಘಕಾಲದ ಕಾಯಿಲೆಯವರೂ ಅವರ ಆರೈಕೆ ಮಾಡುವವರೂ ತಿಂಗಳಿಗೊಮ್ಮೆ ಒಂದೆಡೆ ಕೂಡಿ ಕಷ್ಟಸುಖಗಳನ್ನು ಹಂಚಿಕೊಳ್ಳುವ ಪರಿಪಾಠ ನಮ್ಮ ಕೆಲವು ಧರ್ಮಕೇಂದ್ರಗಳಲ್ಲಿದೆ. ವೈದ್ಯರು ಐದು ನಿಮಿಷಗಳಲ್ಲಿ ಹೇಳಿ ಮುಗಿಸುವುದನ್ನು ಇಲ್ಲಿ ಸಾವಧಾನವಾಗಿ ಕೇಳಿ ತಿಳಿಯಬಹುದು. ಅದೇ ನೋವನ್ನು ಉಂಡವರ ಬಾಯಿಂದ ಬರುವ ಸಾಂತ್ವನಕ್ಕೆ ಬೇರೆಯೇ ತೂಕವಿದೆ. ಇಂತಹ ಕೂಟವೊಂದರಲ್ಲಿ ನಾವು ಕಂಡ ಸಂಗತಿಯೊಂದನ್ನು ಓದುಗರ ಮುಂದಿಡುವುದು ಅಗತ್ಯವೆನಿಸಿದೆ.

ಮಗಳ ಕೀಲುನೋವು ರೂಮಟಾಯ್ಡ್ ಸಂಧಿವಾತವೆಂದು ಆಗತಾನೆ ತಿಳಿದಿದ್ದ ತಾಯಿಯೊಬ್ಬರು ಅಂದು ಮೊದಲ ಬಾರಿಗೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಹಳಬರು ಪ್ರೀತಿಯಿಂದಲೇ ವಿಚಾರಿಸಿದರು. ಆರ್.ಎ. ಎಷ್ಟು ಬಂತು? ಸಿ.ಆರ್.ಪಿ. ಮಾಡಿಸಿದಿರಾ? ಎಂ.ಟಿ.ಎಕ್ಸ್. ಶುರುವಾಯಿತೇ? ಆ ತಾಯಿ ಎಲ್ಲಕ್ಕೂ ತಲೆಯಾಡಿಸಿದರು. ಹಿರಿಯರೊಬ್ಬರು, “ಹೆದರಬೇಡಿ ತಾಯಿ, ನಮ್ಮ ಮನೆಯಲ್ಲೂ ಅದೇ ಔಷಧ. ಎಂ.ಟಿ.ಎಕ್ಸ್. ಹದಿನೈದು, ಎಫ್.ಎ. ಐದು, ಓ.ಡಿ.” ಎಂದು ಧೈರ್ಯ ಹೇಳಿದರು.

ಆ ಹಿರಿಯರ ಮನಸ್ಸಿನಲ್ಲಿ ಓ.ಡಿ., ಅಂದರೆ ದಿನಕ್ಕೊಮ್ಮೆ ಎಂಬುದು, ಎರಡನೆಯ ಮಾತ್ರೆಯಾದ ಫೋಲಿಕ್ ಆಮ್ಲಕ್ಕೆ ಮಾತ್ರ ಅನ್ವಯಿಸುತ್ತಿತ್ತು. ಓ.ಡಿ. ಎಂದರೇನೆಂದು ಪಕ್ಕದವರನ್ನು ಕೇಳಿ ತಿಳಿದ ತಾಯಿ ಅದನ್ನು ಎರಡಕ್ಕೂ ಅನ್ವಯಿಸಿಕೊಂಡರು. ಚೀಟಿ ಇಂಗ್ಲಿಷಿನಲ್ಲಿತ್ತು, ಅನುಭವಸ್ಥರ ಮಾತು ಕನ್ನಡದಲ್ಲಿತ್ತು. ಅವರು ನಂಬಿದ್ದು ಮಾತನ್ನು. ಮೊದಲ ದಿನ ಎರಡೂ ಮಾತ್ರೆಗಳನ್ನು ಕೊಟ್ಟು, ಮರುದಿನ ಕೊಡುವ ಮೊದಲು ಏನೋ ಅನುಮಾನ ಬಂದು ಔಷಧದ ಅಂಗಡಿಯವರನ್ನು ಕೇಳಿದ್ದರಿಂದ ಅನಾಹುತ ತಪ್ಪಿತು.

ಅನಾಹುತ ಎಂಬ ಪದವನ್ನು ನಾವು ಹಗುರವಾಗಿ ಬಳಸುತ್ತಿಲ್ಲ. ಎಂ.ಟಿ.ಎಕ್ಸ್. ಎಂದರೆ ಮೆಥೊಟ್ರೆಕ್ಸೇಟ್. ಸಂಧಿವಾತಕ್ಕೆ ಇದನ್ನು ವಾರಕ್ಕೆ ಒಂದೇ ದಿನ ಕೊಡುತ್ತಾರೆ. ಆ ಪ್ರಮಾಣವನ್ನು ಪ್ರತಿದಿನ ನುಂಗಿದರೆ ಬಾಯಿ ಹುಣ್ಣಾಗುತ್ತದೆ, ರಕ್ತವನ್ನು ಉತ್ಪಾದಿಸುವ ಮೂಳೆಮಜ್ಜೆ ಸೊರಗುತ್ತದೆ. ಹೀಗೆ ತಪ್ಪಾಗಿ ದಿನವೂ ಸೇವಿಸಿ ರೋಗಿಗಳು ಪ್ರಾಣ ಕಳೆದುಕೊಂಡ ಉದಾಹರಣೆಗಳು ಬೇರೆ ಬೇರೆ ದೇಶಗಳಲ್ಲಿ ವರದಿಯಾಗಿವೆ. ವೈದ್ಯರಿಂದಲೂ ಅಂಗಡಿಯವರಿಂದಲೂ ಈ ತಪ್ಪು ಆಗಿದ್ದುಂಟು. ಹಾಗಿರುವಾಗ ನಾವು ಸಾಮಾನ್ಯರು ನಾಲ್ಕಕ್ಷರದ ಮಾತಿನಲ್ಲಿ ಔಷಧದ ಪ್ರಮಾಣವನ್ನು ಒಬ್ಬರಿಂದೊಬ್ಬರಿಗೆ ದಾಟಿಸುವುದು ಎಷ್ಟರಮಟ್ಟಿಗೆ ಸರಿ?

ಈ ಓ.ಡಿ. ಎಂಬುದನ್ನೇ ನೋಡಿ. ನಮ್ಮ ಔಷಧ ಚೀಟಿಗಳಲ್ಲಿ ಅದು ದಿನಕ್ಕೊಮ್ಮೆ. ಕಣ್ಣಿನ ವೈದ್ಯರು ಬರೆದರೆ ಬಲಗಣ್ಣು. ಎಚ್.ಎಸ್. ಎಂದರೆ ಮಲಗುವ ವೇಳೆ. ಅದನ್ನೇ ಅರ್ಧ ಸಾಮರ್ಥ್ಯದ ಔಷಧವೆಂದು ಓದಿದವರೂ ಇದ್ದಾರೆ. ಎಸ್.ಓ.ಎಸ್. ಎಂದರೆ ಅಗತ್ಯ ಬಿದ್ದರೆ ಎಂದರ್ಥ, ಪ್ರಾಣಾಪಾಯದ ಕರೆಯಲ್ಲ. ಟಿ.ಡಿ.ಎಸ್. ಎಂದೊಡನೆ ಸಂಬಳದಾರರಿಗೆ ಆದಾಯ ತೆರಿಗೆಯೇ ನೆನಪಾದರೆ ತಪ್ಪೇನಿಲ್ಲ. ಚೀಟಿಯಲ್ಲಿ ಅದು ದಿನಕ್ಕೆ ಮೂರು ಬಾರಿ. ಇವುಗಳಲ್ಲಿ ಹೆಚ್ಚಿನವು ಲ್ಯಾಟಿನ್ ಭಾಷೆಯ ತುಣುಕುಗಳು. ದ್ವಿತೀಯ ವ್ಯಾಟಿಕನ್ ಮಹಾಸಭೆಯ (1962–65) ತರುವಾಯ ಬಲಿಪೂಜೆಯೇ ಲ್ಯಾಟಿನ್ ಬಿಟ್ಟು ಕನ್ನಡಕ್ಕೂ ಕೊಂಕಣಿಗೂ ಬಂದಿತು. ಔಷಧ ಚೀಟಿ ಮಾತ್ರ ಇನ್ನೂ ಬಂದಿಲ್ಲ! ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂಬುದಕ್ಕೆ 1-0-1 ಎಂದು ಬರೆಯುವ ನಮ್ಮ ರೂಢಿಯೇ ಎಷ್ಟೋ ಮೇಲು.

ಅಕ್ಷರವೊಂದೇ ಸಾಕು ಕೇಡಿಗೆ. ಹತ್ತು ಯೂನಿಟ್ ಇನ್ಸುಲಿನ್ ಎನ್ನಲು 10ರ ಮುಂದೆ ಇಂಗ್ಲಿಷಿನ ಯು ಬರೆದರೆ, ಅವಸರದ ಕೈಬರಹದಲ್ಲಿ ಅದು ಸೊನ್ನೆಯಾಗಿ ಹತ್ತು ನೂರಾಗುತ್ತದೆ. ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಜಾಯಿಂಟ್ ಕಮಿಷನ್ ಸಂಸ್ಥೆಯು 2004ರಲ್ಲಿ ಹೊರಡಿಸಿದ ನಿಷಿದ್ಧ ಸಂಕ್ಷಿಪ್ತಾಕ್ಷರಗಳ ಪಟ್ಟಿಯಲ್ಲಿ ಈ ಯು ಸೇರಿದೆ. ಎಂ.ಎಸ್. ಕೂಡ ಸೇರಿದೆ, ಏಕೆಂದರೆ ಅದು ಮಾರ್ಫೀನ್ ಸಲ್ಫೇಟ್ ಆಗಬಹುದು, ಮೆಗ್ನೀಸಿಯಂ ಸಲ್ಫೇಟೂ ಆಗಬಹುದು. ನಮ್ಮಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿ ಔಷಧದ ಮೂಲ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದಷ್ಟೂ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ವೈದ್ಯರಿಗೆ ವಿಧಿಸಿತು. ಒಳ್ಳೆಯದೇ. ಆದರೆ ಎಚ್.ಎಸ್. ಎಂಬುದನ್ನು ಎಷ್ಟು ದುಂಡಗೆ ಬರೆದರೂ ಅರ್ಥ ತಿಳಿಯದವರಿಗೆ ಅದು ಎಚ್.ಎಸ್. ಮಾತ್ರ.

ಎಲ್ಲ ಸಂಕ್ಷಿಪ್ತ ರೂಪಗಳನ್ನೂ ಬಹಿಷ್ಕರಿಸಬೇಕೆಂಬುದು ನಮ್ಮ ವಾದವಲ್ಲ. ಬಿ.ಪಿ., ಟಿ.ಬಿ., ಇ.ಸಿ.ಜಿ.ಗಳು ಮನೆಮಾತಾಗಿವೆ, ಅವನ್ನು ಬಿಡಿಸಿ ಹೇಳಿದರೇ ಗೊಂದಲ. ತೊಡಕಿರುವುದು ಎರಡು ಅರ್ಥದವುಗಳಲ್ಲಿ. ಎಂ.ಎಸ್. ಎಂದರೆ ಒಂದು ಮನೆಯವರಿಗೆ ನರಮಂಡಲದ ಮಲ್ಟಿಪಲ್ ಸ್ಕ್ಲಿರೋಸಿಸ್, ಮತ್ತೊಂದು ಮನೆಯವರಿಗೆ ಹೃದಯದ ಕವಾಟ ಕಿರಿದಾಗುವ ಮೈಟ್ರಲ್ ಸ್ಟೆನೋಸಿಸ್. ಪಿ.ಡಿ. ಎಂದರೆ ಪಾರ್ಕಿನ್ಸನ್ ಕಾಯಿಲೆಯೋ, ಮೂತ್ರಪಿಂಡ ಸೋತವರಿಗೆ ಹೊಟ್ಟೆಯ ಮೂಲಕ ಮಾಡುವ ಡಯಾಲಿಸಿಸ್ಸೋ? ಎ.ಎ. ಎಂದರೆ ನಮಗೆ ನೆನಪಾಗುವುದು ಕುಡಿತ ಬಿಡುವವರ ಬಳಗ; ಎಪ್ಲಾಸ್ಟಿಕ್ ಅನೀಮಿಯಾ ಎಂಬ ಘೋರ ರಕ್ತಹೀನತೆಗೂ ಅವೇ ಎರಡಕ್ಷರ. “ಅವರ ಮಗನಿಗೆ ಎ.ಎ. ಅಂತೆ” ಎಂಬ ಮಾತು ಅರ್ಥ ಕೆಟ್ಟು ನೆರೆಹೊರೆಯಲ್ಲಿ ಹಬ್ಬಿದರೆ ಆ ಮನೆಯವರ ಪಾಡೇನು?

ಇನ್ನೊಂದು ಸೂಕ್ಷ್ಮವೂ ಇದೆ. ವರ್ಷಗಟ್ಟಲೆ ಕಾಯಿಲೆಯೊಡನೆ ಬಾಳಿದವರಿಗೆ ಈ ಅಕ್ಷರಗಳು ಕೈಗೆ ಹತ್ತಿದ ಆಯುಧಗಳಂತೆ; ಸಲೀಸಾಗಿ ಬಳಸುವುದರಲ್ಲಿ ಒಂದು ಬಗೆಯ ಸಮಾಧಾನವೂ ಇರುತ್ತದೆ. ಹೊಸಬರಿಗಾದರೋ ಅದು ತಮಗೆ ಪ್ರವೇಶವಿಲ್ಲದ ಭಾಷೆ. “ಅರ್ಥವಾಗಲಿಲ್ಲ” ಎನ್ನಲು ನಾಚಿ, ಆ ತಾಯಿಯಂತೆ ತಲೆಯಾಡಿಸಿ, ಮುಂದಿನ ತಿಂಗಳು ಬಾರದೆ ಉಳಿಯುತ್ತಾರೆ. ಯಾರಿಗೆ ಬಳಗದ ಅಗತ್ಯ ಅತ್ಯಧಿಕವೋ ಅವರೇ ಹೊರಗುಳಿದಂತಾಗುತ್ತದೆ.

ಕೂಟವನ್ನು ನಡೆಸುವವರು ಯಾರೇ ಸಂಕ್ಷಿಪ್ತವಾಗಿ ನುಡಿದರೂ ಒಡನೆ ತಡೆದು ಪೂರ್ತಿ ಹೆಸರನ್ನು ಹೇಳಿಸಬೇಕು. ಔಷಧದ ಪ್ರಮಾಣವನ್ನಂತೂ ಕೂಟದಲ್ಲಿ ಹೇಳದಿರುವುದೇ ಲೇಸು. ಅದು ಅವರವರ ವೈದ್ಯರ ಕೆಲಸ. ಚೀಟಿಯಲ್ಲಿರುವ ಪ್ರತಿಯೊಂದು ಅಕ್ಷರಕ್ಕೂ ಅರ್ಥ ಕೇಳಿ, ಮಾತ್ರೆಯ ಪೊಟ್ಟಣದ ಮೇಲೆ ಕನ್ನಡದಲ್ಲಿ ಬರೆಸಿಕೊಳ್ಳಲು ಸಂಕೋಚಪಡಬೇಕಾಗಿಲ್ಲ.

ಆ ತಾಯಿ ಮರುತಿಂಗಳು ಬಂದಿದ್ದರು. ನಡೆದದ್ದನ್ನು ಕೇಳಿ ಹಿರಿಯರು ಬಹಳ ನೊಂದುಕೊಂಡರು. ಆಕೆ ಚೀಲದಿಂದ ತೆಗೆದು ತೋರಿಸಿದ ಪೊಟ್ಟಣದ ಮೇಲೆ “ಮೆಥೊಟ್ರೆಕ್ಸೇಟ್, ಭಾನುವಾರ ಮಾತ್ರ” ಎಂದು ಅಂಗಡಿಯವರು ಬರೆದುಕೊಟ್ಟಿದ್ದರು. ಪೂಜೆ ಮುಗಿಸಿ ಮನೆಗೆ ಹೋದೊಡನೆ ಮಗಳಿಗೆ ಕೊಡುತ್ತಾರಂತೆ.