ಬೀದಿಯ ವೇಷ ತೊಟ್ಟ ಅಂಗಡಿಗಳು

ಬೆಂಗಳೂರಿಗೆ ದುಡಿಯಲು ಹೋದ ನಮ್ಮ ಹುಡುಗರು ಹಬ್ಬಕ್ಕೆ ಊರಿಗೆ ಬಂದಾಗ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸುತ್ತಾರೆ. ಕಲ್ಲು ಹಾಸಿದ ಅಂಗಳ, ನಡುವೆ ಕಾರಂಜಿ, ಸುತ್ತ ಗಾಜಿನ ಅಂಗಡಿಗಳು, ಮೇಲೆ ಬಯಲು ಆಕಾಶ. ಇದು ಯಾವೂರಿನ ಬೀದಿಯಪ್ಪಾ ಎಂದು ಮನೆಯ ಅಜ್ಜಿ ಕೇಳುತ್ತಾಳೆ. ಬೀದಿಯಲ್ಲ ಅಜ್ಜಿ, ಇದು ಮಾಲು ಎಂದು ಹುಡುಗರು ನಗುತ್ತಾರೆ. ಅಜ್ಜಿಯ ಪ್ರಶ್ನೆ ನಗುವಂಥದ್ದಲ್ಲವೆಂಬುದೇ ನಮ್ಮ ಅಭಿಪ್ರಾಯ.

ಇಂಥ ಜಾಗಗಳನ್ನು ಕಂಡೊಡನೆ ಮೂಗು ಮುರಿಯುವುದು ನಮ್ಮ ಕೆಲವು ಸಂಗಾತಿಗಳ ಅಭ್ಯಾಸ. ನಾವು ಹಾಗೆ ಮಾಡಲಾರೆವು. ವಿಠಲ್ ಮಲ್ಯ ರಸ್ತೆಯಲ್ಲಿ 2008ರಲ್ಲಿ ತೆರೆದ ಯು.ಬಿ. ಸಿಟಿಯ ಬಯಲು ರಂಗದ ಮೆಟ್ಟಿಲ ಮೇಲೆ ನಾವೂ ಒಂದು ಸಂಜೆ ಕುಳಿತು ಬಂದಿದ್ದೇವೆ. ನಿಜ ಹೇಳಬೇಕೆಂದರೆ, ಹಿತವಾಗಿತ್ತು. ಮಗುವಿನ ಕೈ ಬಿಟ್ಟರೂ ಲಾರಿಯ ಭಯವಿಲ್ಲ. ಹೆಂಗಸರು ಕತ್ತಲಾದ ಮೇಲೂ ಅಂಜದೆ ನಿಂತಿದ್ದರು. ಶೌಚಾಲಯ ಚೊಕ್ಕಟವಾಗಿತ್ತು. ಒಳಗಿನ ಕೈಚೀಲವೊಂದರ ಬೆಲೆ ನಮ್ಮ ಎಣ್ಣೆ ಗಿರಣಿಯ ಕೂಲಿಗಾರನ ಎಷ್ಟು ತಿಂಗಳ ಸಂಬಳವೋ ಬೇರೆ ಮಾತು. ಆದರೆ ಅಲ್ಲಿ ಕುಳಿತಿದ್ದವರಲ್ಲಿ ಬಹಳ ಮಂದಿ ಚೀಲ ಕೊಳ್ಳಲು ಬಂದವರಲ್ಲ, ಕೂರಲು ಬಂದವರು.

ಇದನ್ನು ನಮ್ಮೂರಿನ ಪೇಟೆಯೊಡನೆ ಹೋಲಿಸಿ ನೋಡಿ. ಚೈತ್ರದಲ್ಲಿ ಮಧುಗಿರಿಯ ಏಕಶಿಲಾ ಬೆಟ್ಟ ಕಾದು ಬಿಸಿ ಉಗುಳುವಾಗ ಸಂತೆಗೆ ಸೊಪ್ಪು ತಂದ ಹೆಂಗಸಿಗೆ ನೆರಳೆಂದರೆ ಅವಳ ಸೀರೆಯ ಸೆರಗು. ಬೆಳಗಿನಿಂದ ಸಂಜೆಯವರೆಗೆ ಮೂತ್ರಕ್ಕೆ ಹೋಗಲು ಜಾಗವಿಲ್ಲದೆ ಆಕೆ ನೀರು ಕುಡಿಯುವುದನ್ನೇ ಬಿಡುತ್ತಾಳೆ. ಇಂಥ ಪೇಟೆಯಿಂದ ಹೋದ ಹುಡುಗನಿಗೆ ಕಾರಂಜಿಯ ಅಂಗಳ ಸ್ವರ್ಗವಾಗಿ ಕಂಡರೆ ತಪ್ಪು ಅವನದಲ್ಲ. ನೆರಳು, ನೀರು, ಕೂರಲು ಒಂದು ಕಟ್ಟೆ, ಇವು ಊರು ಜನಕ್ಕೆ ಕೊಡಬೇಕಾದವು. ಊರು ಕೊಡಲಿಲ್ಲ. ಬಂಡವಾಳಿಗ ಅವನ್ನೇ ಒಟ್ಟುಗೂಡಿಸಿ ಸುತ್ತ ಅಂಗಡಿ ಕಟ್ಟಿದ. ಆಕರ್ಷಣೆಯ ಗುಟ್ಟು ಇಷ್ಟೆ.

ಹಾಗಾದರೆ ಅದು ಬೀದಿಯೇ ಆಯಿತಲ್ಲ ಎನ್ನುವಿರಾ? ಅಲ್ಲ. ಬೀದಿ ಯಾರ ಸ್ವತ್ತೂ ಅಲ್ಲ, ಆದ್ದರಿಂದಲೇ ಎಲ್ಲರದೂ ಹೌದು. ಈ ಅಂಗಳಕ್ಕೆ ಯಜಮಾನನಿದ್ದಾನೆ, ಕಾವಲುಗಾರನಿದ್ದಾನೆ. 2024ರ ಜುಲೈಯಲ್ಲಿ ಮಾಗಡಿ ರಸ್ತೆಯ ಮಾಲೊಂದರ ಬಾಗಿಲಲ್ಲಿ, ಮಗನೊಡನೆ ಸಿನಿಮಾ ನೋಡಲು ಬಂದಿದ್ದ ಹಾವೇರಿ ಜಿಲ್ಲೆಯ ರೈತನನ್ನು ಪಂಚೆ ಉಟ್ಟಿದ್ದನೆಂದು ತಡೆದುದನ್ನು ವಾಚಕರು ಮರೆತಿರಲಾರರು. ಟಿಕೇಟು ಇತ್ತು, ಪಂಚೆಯೂ ಇತ್ತು, ಪಂಚೆಯೇ ಅಡ್ಡಿಯಾಯಿತು. ಗದ್ದಲ ವಿಧಾನಸಭೆಗೆ ಹೋಯಿತು, ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಹೇಳಿತು. ಒಳ್ಳೆಯದೇ. ಆದರೆ ಬಾಯಿಬಿಟ್ಟು ತಡೆದದ್ದಕ್ಕೆ ಶಿಕ್ಷೆಯಾಯಿತು. ಬಾಯಿಬಿಡದೆ, ಬರಿಯ ನೋಟದಿಂದಲೇ ದಿನವೂ ತಡೆಯುತ್ತಾರಲ್ಲ, ಅದಕ್ಕೆ ಯಾವ ಶಿಕ್ಷೆ?

ಗಿರಣಿಯ ಬಂಧುಗಳು ಇನ್ನೊಂದನ್ನು ಗಮನಿಸಬೇಕು. ಮಲ್ಲೇಶ್ವರದಲ್ಲಿ 2010ರಲ್ಲಿ ತೆರೆದ ಮಂತ್ರಿ ಮಾಲು ನಿಂತಿರುವುದು ಹಿಂದೆ ರಾಜಾ ಮಿಲ್ ಇದ್ದ ನೆಲದ ಮೇಲೆ. ಒರಾಯನ್ ಮಾಲು ಇರುವ ಬಡಾವಣೆ ಕಿರ್ಲೋಸ್ಕರ್ ಕಾರ್ಖಾನೆಯ ನೆಲ. ವಸ್ತು ತಯಾರಾಗುತ್ತಿದ್ದ ಕಡೆ ಈಗ ವಸ್ತು ಮಾರಾಟವಾಗುತ್ತದೆ. ಪಾಳಿಯ ಸೈರನ್ನು ಕೂಗುತ್ತಿದ್ದ ಕಡೆ ಸಂಗೀತ ಕೇಳುತ್ತದೆ. ಅಲ್ಲಿ ದುಡಿಯುವವರಿಲ್ಲವೆಂದಲ್ಲ, ನೆಲ ಒರೆಸುವವರೂ ದಿನವೆಲ್ಲಾ ನಿಂತೇ ಇರುವ ಹುಡುಗಿಯರೂ ಇದ್ದಾರೆ. ಮೆರವಣಿಗೆಗೆ, ಕರಪತ್ರಕ್ಕೆ, ಮುಷ್ಕರದ ಸಭೆಗೆ ಮಾತ್ರ ಆ 'ಬೀದಿ'ಯಲ್ಲಿ ಜಾಗವಿಲ್ಲ.

ಈ ವಿದ್ಯೆ ಬಂದದ್ದು ಅಮೆರಿಕದಿಂದ. ವಿಯೆನ್ನಾದಿಂದ 1938ರಲ್ಲಿ ಅಲ್ಲಿಗೆ ಓಡಿಹೋದ ವಿಕ್ಟರ್ ಗ್ರೂಯನ್ ಎಂಬ ವಾಸ್ತುಶಿಲ್ಪಿ ತನ್ನೂರಿನ ಚೌಕದಂಥ ಜಾಗ ಕಾರಿನ ನಾಡಿಗೂ ಬೇಕೆಂದು 1954ರಲ್ಲಿ ಡೆಟ್ರಾಯಿಟ್ ಬಳಿ ತೆರೆದ ಅಂಗಳದ ಅಂಗಡಿ ಕೇಂದ್ರವನ್ನೂ, 1956ರಲ್ಲಿ ಮಿನೆಸೋಟಾದಲ್ಲಿ ಮುಚ್ಚಿದ ಮಾಲನ್ನೂ ಕಟ್ಟಿದ. ಸುತ್ತ ಮನೆ, ಶಾಲೆ, ಆಸ್ಪತ್ರೆ ಬರಬೇಕೆಂಬುದು ಅವನ ಆಸೆ. ಬಂಡವಾಳಿಗರು ಅಂಗಡಿಯನ್ನು ಉಳಿಸಿಕೊಂಡು ಉಳಿದದ್ದನ್ನು ಬಿಟ್ಟರು. ಮುದುಕನಾಗಿ ವಿಯೆನ್ನಾಕ್ಕೆ ಮರಳಿದ ಆತ, ಇವು ನನ್ನ ಮಕ್ಕಳಲ್ಲ ಎಂಬ ಧಾಟಿಯಲ್ಲಿ ಕೈಕೊಡವಿಕೊಂಡ. ಲಾಸ್ ಏಂಜಲೀಸಿನಲ್ಲಿ 1934ರಿಂದ ನಡೆದುಬಂದ ರೈತರ ಮಾರುಕಟ್ಟೆಯ ಮಗ್ಗುಲಲ್ಲೇ 2002ರಲ್ಲಿ 'ಗ್ರೋವ್' ಎಂಬ ಬಯಲು ಮಾಲು ಎದ್ದಿತು. ಅಲ್ಲೊಂದು ಟ್ರಾಮೂ ಓಡುತ್ತದೆ. ಪಕ್ಕದ ಮಾರುಕಟ್ಟೆಯವರೆಗೆ ಹೋಗಿ ಹಿಂದಿರುಗುತ್ತದೆ, ಯಾರನ್ನೂ ಕೆಲಸಕ್ಕೆ ಮುಟ್ಟಿಸುವುದಿಲ್ಲ. ಕೃತಕತೆ ಎಂದರೆ ಇದೇ.

ಸಣ್ಣ ವ್ಯಾಪಾರಿ ಮಿತ್ರರಿಗೂ ಎರಡು ಮಾತು. ಮಾಲಿನ ಅಂಗಡಿಗಾರ ಬಾಡಿಗೆಯ ಜೊತೆಗೆ ನಿರ್ವಹಣೆಯ ಹಣವನ್ನೂ, ಹಲವೆಡೆ ಮಾರಾಟದಲ್ಲಿ ಪಾಲನ್ನೂ ಯಜಮಾನನಿಗೆ ಕೊಡುತ್ತಾನೆ. ಅಲ್ಲಿ ಉದ್ದರಿ ಇಲ್ಲ, ಚೌಕಾಸಿ ಇಲ್ಲ. ಈ ಸಲ ಪಾವಗಡದಲ್ಲಿ ಶೇಂಗಾ ಕೈಕೊಟ್ಟಿತು, ದುಡ್ಡು ಸುಗ್ಗಿಗೆ ಕೊಡುತ್ತೇನೆ ಎಂದರೆ ಕೇಳುವ ಕಿವಿಯಿಲ್ಲ. ನಿಮ್ಮ ಅಂಗಡಿಯ ಬಲವಿರುವುದು ಆ ಕಿವಿಯಲ್ಲಿ. ಆದರೆ ತೂಕದಲ್ಲಿ ಕಳ್ಳತನ ಮಾಡಿ, ಕಾಲುದಾರಿಯ ಮೇಲೆ ಮೂಟೆ ಪೇರಿಸಿ, ಎದುರಿನ ತಳ್ಳುಗಾಡಿಯವನನ್ನು ಓಡಿಸೆಂದು ಪುರಸಭೆಗೆ ಅರ್ಜಿ ಕೊಡುವವರು ನಿಮ್ಮಲ್ಲೂ ಇದ್ದಾರೆ. ಗಿರಾಕಿಯನ್ನು ಮಾಲಿನ ಕಡೆಗೆ ತಳ್ಳುವ ಮೊದಲ ಕೈ ಅವರದೇ.

ಮಾಡಬೇಕಾದುದು ಸ್ಪಷ್ಟವಾಗಿದೆ. ಬೀದಿ ವ್ಯಾಪಾರಿಗಳ ಕಾಯಿದೆ 2014ರಲ್ಲೇ ಬಂದಿದೆ. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆಯಾಗಬೇಕು, ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸಕೂಡದು, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು ಎಂದು ಅದು ಹೇಳುತ್ತದೆ. ಶಿರಾದ ನಗರಸಭೆ, ಮಧುಗಿರಿ ಮತ್ತು ಪಾವಗಡದ ಪುರಸಭೆಗಳು, ಕೊರಟಗೆರೆಯ ಪಟ್ಟಣ ಪಂಚಾಯಿತಿ, ಈ ನಾಲ್ಕೂ ತಮ್ಮ ಸಮಿತಿಯ ಸದಸ್ಯರ ಪಟ್ಟಿಯನ್ನು ಕಚೇರಿಯ ಗೋಡೆಗೆ ಅಂಟಿಸಲಿ. ಸಂತೆ ಸುಂಕದ ಹರಾಜಿನಿಂದ ಬಂದ ಹಣದಲ್ಲಿ ಸಂತೆಗೆಂದು ಎಷ್ಟು ಖರ್ಚಾಯಿತೆಂಬ ಲೆಕ್ಕವನ್ನೂ ಅದರ ಪಕ್ಕದಲ್ಲೇ ಅಂಟಿಸಲಿ. ಆ ಹಣದಲ್ಲಿ ಮೊದಲು ಹೆಂಗಸರ ಶೌಚಾಲಯ, ಕುಡಿಯುವ ನೀರು, ಆಮೇಲೆ ಹೊಂಗೆ ಬೇವಿನ ಸಾಲು, ಅದರ ಕೆಳಗೆ ಕಲ್ಲಿನ ಕಟ್ಟೆ ಬರಲಿ.

ಕಾರಂಜಿ ಬೇಕೆಂದು ನಾವು ಕೇಳುತ್ತಿಲ್ಲ. ಪಂಚೆಯುಟ್ಟವನು ಯಾರ ಅಪ್ಪಣೆಯೂ ಇಲ್ಲದೆ, ಏನೂ ಕೊಳ್ಳದೆ, ಒಂದು ಗಳಿಗೆ ಕೂರಬಲ್ಲ ನೆರಳು ಬೇಕು. ಅದನ್ನು ಕೇಳಲು ಮುಂದಿನ ಸಂತೆಯ ದಿನ ನಮ್ಮ ಕಾರ್ಯಕರ್ತರು ನಿಮ್ಮ ಅಂಗಡಿಗೆ, ನಿಮ್ಮ ಗಿರಣಿಯ ಬಾಗಿಲಿಗೆ ಅರ್ಜಿ ಹಿಡಿದು ಬರುತ್ತಾರೆ. ಓದಿ, ಸರಿಯೆನಿಸಿದರೆ ರುಜು ಹಾಕಿ.